ಗಣಕಗಳ ಒಡಂಬಡಿಕೆ

ಈಗ ನಗರದ ಅನೇಕ ಮನೆಗಳ ಮೇಜಿನ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಕಾಣಸಿಗುತ್ತದೆ. ಅದಕ್ಕೆ ಡಾಕಿಂಗ್ ಸ್ಟೇಷನ್ ಎಂದು ಹೆಸರು. ಕಚೇರಿಯಿಂದ ಹೊತ್ತು ತಂದ ಲ್ಯಾಪ್‌ಟಾಪನ್ನು ಒಂದೇ ತಂತಿಯಿಂದ ಇದಕ್ಕೆ ಸೇರಿಸಿದರೆ ದೊಡ್ಡ ಪರದೆ, ಕೀಲಿಮಣೆ, ಪ್ರಿಂಟರು, ವಿದ್ಯುತ್ತು ಎಲ್ಲವೂ ಒಮ್ಮೆಗೇ ದೊರೆಯಬೇಕು. ದೊರೆಯಬೇಕು ಎಂದೆನೇ ಹೊರತು ದೊರೆಯುತ್ತದೆ ಎನ್ನಲಿಲ್ಲ. ಎಷ್ಟೋ ಸಲ ತಂತಿ ಸರಿಯಾಗಿ ಕೂಡಿರುತ್ತದೆ. ಪರದೆ ಮಾತ್ರ ಕತ್ತಲೆಯಾಗಿಯೇ ಇರುತ್ತದೆ. ಪೆಟ್ಟಿಗೆ ಮಾಡಿದವರ ತಂತ್ರಾಂಶ ಒಂದು, ಲ್ಯಾಪ್‌ಟಾಪು ಬಲ್ಲ ತಂತ್ರಾಂಶ ಇನ್ನೊಂದು. ಕೈಗೆ ಕೈ ಸೇರಿತು, ಮಾತಿಗೆ ಮಾತು ಸೇರಲಿಲ್ಲ.

ಈ ಪೆಟ್ಟಿಗೆಯ ಚರಿತ್ರೆ ಮೂರು ದಶಕಗಳಷ್ಟು ಹಳೆಯದು. 1992ರಲ್ಲಿ ಆಪಲ್ ಸಂಸ್ಥೆಯವರು ಪವರ್‌ಬುಕ್ ಡ್ಯುಯೋ ಎಂಬ ಲ್ಯಾಪ್‌ಟಾಪನ್ನೂ ಅದನ್ನು ಕ್ಯಾಸೆಟ್ಟಿನಂತೆ ಒಳಕ್ಕೆಳೆದುಕೊಳ್ಳುವ ಒಂದು ಡಾಕನ್ನೂ ಹೊರತಂದರು. ಸೊಗಸಾದ ಯಂತ್ರವೇ; ಆದರೆ ಡ್ಯುಯೋ ಬಿಟ್ಟು ಬೇರಾವುದಕ್ಕೂ ಅದು ಒಗ್ಗದು. ಉಳಿದ ತಯಾರಕರೂ ತಂತಮ್ಮ ಬಾಯಿಗೆ ತಕ್ಕ ತುತ್ತನ್ನೇ ಮಾಡಿದರು. 2014ರಲ್ಲಿ ಯುಎಸ್‌ಬಿ-ಸಿ ಎಂಬ ಸಮಾನವಾದ ತೂತು ಬಂದಮೇಲೆ ಬಾಯಿಗಳೇನೋ ಒಂದಾದವು. ನಾಲಗೆಗಳು ಒಂದಾಗಲಿಲ್ಲ.

ಹೊರಗಣ ಕೂಟ ಬೇರೆ, ಒಳಗಣ ಒಡಂಬಡಿಕೆ ಬೇರೆ ಎಂಬ ಈ ಪಾಠ ಕನ್ನಡಿಗರಾದ ನಮಗೆ ಹೊಸದಲ್ಲ. ಅದನ್ನು ನಾವು ಒಮ್ಮೆ ರೈಲಿನಲ್ಲಿ ಕಲಿತೆವು. ಇನ್ನೊಮ್ಮೆ ನಮ್ಮ ಅಕ್ಷರದಲ್ಲಿಯೇ ಕಲಿಯಬೇಕಾಯಿತು.

ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಕೃಷ್ಣರಾಜನಗರದ ಮೇಲೆ ಹಾದುಹೋಗುತ್ತದೆ. ಹಿಂದೆ ಈ ದಾರಿ ಒಂದು ಮೀಟರಿನ ಅಗಲದ್ದು. ಬೆಂಗಳೂರಿನಿಂದ ಮದರಾಸಿಗೆ ಹೋಗುವ ದಾರಿಯಾದರೋ ಐದೂವರೆ ಅಡಿಯದು. ಕೃಷ್ಣರಾಜನಗರದಲ್ಲಿ ಗಾಡಿಗೇರಿದ ಅಕ್ಕಿಯ ಮೂಟೆ ಮದರಾಸು ಸೇರಬೇಕಾದರೆ ನಡುದಾರಿಯಲ್ಲಿ ಒಂದು ಗಾಡಿಯಿಂದಿಳಿದು ಕೂಲಿಯ ಬೆನ್ನೇರಿ ಮತ್ತೊಂದು ಗಾಡಿಯನ್ನು ಹತ್ತಬೇಕಾಗಿತ್ತು. ಎರಡೂ ದಾರಿಗಳು ತಮ್ಮಷ್ಟಕ್ಕೆ ಚೆನ್ನಾಗಿಯೇ ಇದ್ದವು. ಆದರೆ ಅವೆರಡರ ನಡುವಣ ಅಂತರದ ಬೆಲೆಯನ್ನು ತೆತ್ತವನು ಮೂಟೆಯ ಒಡೆಯ.

ಗಣಕದಲ್ಲಿ ಕನ್ನಡ ಕಾಲಿಟ್ಟಾಗ ಆದದ್ದೂ ಇದೇ. 1980ರ ದಶಕದಲ್ಲಿ ಭಾರತ ಸರ್ಕಾರ ದೇಶದ ಲಿಪಿಗಳಿಗೆಲ್ಲ ಒಂದು ಸಮಾನ ಸಂಕೇತವನ್ನೂ ಒಂದು ಸಮಾನ ಕೀಲಿಮಣೆಯನ್ನೂ ಗೊತ್ತುಮಾಡಿತು. ಇಸ್ಕಿ ಎಂಬ ಆ ಸಂಕೇತ 1991ರಲ್ಲಿ ಭಾರತೀಯ ಮಾನಕವೇ ಆಯಿತು. ಆದರೆ ಪೇಟೆಗೆ ಬಂದ ತಂತ್ರಾಂಶಗಳು ತಮ್ಮ ಹಾದಿಯನ್ನೇ ಹಿಡಿದವು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಹೀಗೆ ಒಂದೊಂದಕ್ಕೂ ತನ್ನದೇ ಅಕ್ಷರವಿನ್ಯಾಸ. ಗಣಕದೊಳಗೆ ಅಕ್ಷರಗಳಿಗಿದ್ದ ಮನೆಗಳು 256 ಮಾತ್ರ. ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಯಾವ ಮನೆಯಲ್ಲಿ ಇಡಬೇಕೆಂಬುದನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ನಿರ್ಣಯಿಸಿದರು.

ಪರಿಣಾಮವೇನು? ಪಿರಿಯಾಪಟ್ಟಣದಲ್ಲಿ ಒಂದು ತಂತ್ರಾಂಶದಿಂದ ಬರೆಸಿದ ಲಗ್ನಪತ್ರಿಕೆಯನ್ನು ಫ್ಲಾಪಿಯಲ್ಲಿಟ್ಟು ಮೈಸೂರಿನ ಮುದ್ರಣಾಲಯಕ್ಕೆ ಒಯ್ದರೆ, ಅಲ್ಲಿ ಬೇರೆ ತಂತ್ರಾಂಶವಿದ್ದ ಪಕ್ಷದಲ್ಲಿ, ವಧೂವರರ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳೂ ಆಶ್ಚರ್ಯಚಿಹ್ನೆಗಳೂ ಮೂಡುತ್ತಿದ್ದವು. ಅಕಾರಾದಿಯಾಗಿ ಹೆಸರುಗಳನ್ನು ಜೋಡಿಸೆಂದರೆ ಗಣಕ ಕೈಚೆಲ್ಲುತ್ತಿತ್ತು. ಅದರ ಪಾಲಿಗೆ ಅವು ಅಕ್ಷರಗಳೇ ಆಗಿರಲಿಲ್ಲ, ಚಿತ್ರದ ಚೂರುಗಳಾಗಿದ್ದವು. ಬೆರಳಚ್ಚುಗಾರರ ಪಾಡಂತೂ ಹೇಳತೀರದು. ಕಚೇರಿ ಬದಲಾದರೆ ಕೀಲಿಮಣೆ ಬದಲಾಗುತ್ತಿತ್ತು. ಬೆರಳುಗಳು ವರ್ಷಗಟ್ಟಲೆ ಕಲಿತದ್ದನ್ನು ಮರೆಯಬೇಕಾಗುತ್ತಿತ್ತು.

ಈ ಗೋಜಲಿಗೆ ದಾರಿ ತೋರಿದವರಲ್ಲಿ ಮೊದಲು ನೆನೆಯಬೇಕಾದವರು ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ಅವರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನು ಅಡಕಗೊಳಿಸಿದರು. ಕನ್ನಡವನ್ನು ರೂಪದಿಂದಲ್ಲ, ಉಚ್ಚಾರದಿಂದ ಬರೆಯಿರಿ ಎಂಬುದೇ ಅದರ ಮರ್ಮ. ‘ಹುಣಸೂರು’ ಎಂದು ಬರೆಯಬೇಕಾದರೆ ಹ, ಉ, ಣ, ಸ, ಊ, ರ, ಉ ಎಂದು ಏಳು ಸಲ ಒತ್ತಿದರೆ ಮುಗಿಯಿತು. ಕೊಂಬನ್ನೂ ಅದರ ದೀರ್ಘವನ್ನೂ ಯಂತ್ರವೇ ಜೋಡಿಸಿಕೊಳ್ಳುತ್ತದೆ. ‘ಪಿರಿಯಾಪಟ್ಟಣ’ದ ಒತ್ತಕ್ಷರಕ್ಕೆ ಎರಡು ಟಕಾರಗಳ ನಡುವೆ ಬೆಸುಗೆಯ ಕೀಲಿಯೊಂದನ್ನು ಒತ್ತಿದರಾಯಿತು. ಶಾಲೆಯಲ್ಲಿ ಕಾಗುಣಿತ ಕಲಿತ ಮಗುವಿಗೆ ಬೇರೆ ವಿದ್ಯೆ ಬೇಕಿಲ್ಲ.

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಪರದೇಶದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು. ಅನಂತರ ಕನ್ನಡ ಗಣಕ ಪರಿಷತ್ತು ಸರ್ಕಾರದ ಆಶ್ರಯದಲ್ಲಿ ‘ನುಡಿ’ಯನ್ನು ಸಿದ್ಧಪಡಿಸಿತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಗೆ ಸರ್ಕಾರದ ಮನ್ನಣೆ ದೊರೆಯಿತು. ಯಾರ ತಂತ್ರಾಂಶ ಮೇಲು ಎಂಬ ವಾಗ್ವಾದಗಳೂ ನಡೆದವು. ಅವುಗಳ ಬಿಸಿ ಆರಿದ ಮೇಲೆ ಉಳಿದದ್ದು ಒಂದೇ ಮಾತು: ತಯಾರಕರು ಎಷ್ಟಾದರೂ ಇರಲಿ, ಕೀಲಿಯ ಜಾಗವೂ ಅಕ್ಷರದ ಸಂಕೇತವೂ ನಾಡಿಗೆಲ್ಲ ಸಮಾನವಾಗಿರತಕ್ಕದ್ದು.

ಇದೇ ವೇಳೆಗೆ ‘ಭೂಮಿ’ ಯೋಜನೆ ಬಂದಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ತಾಲ್ಲೂಕು ಕಚೇರಿಗಳಲ್ಲಿಯೂ ಕಿಟಕಿಯಲ್ಲಿ ಹಣ ಕಟ್ಟಿ ಅಚ್ಚಾದ ಪಹಣಿಯನ್ನು ಪಡೆಯುವ ಏರ್ಪಾಡಾಯಿತು. ಇಲ್ಲಿ ಅಕ್ಷರ ಕೆಟ್ಟರೆ ಲಗ್ನಪತ್ರಿಕೆ ಕೆಟ್ಟಂತಲ್ಲ. ಹೊಗೆಸೊಪ್ಪು ಬೆಳೆಯುವ ರೈತನೊಬ್ಬ ಸಾಲಕ್ಕೆಂದು ಬ್ಯಾಂಕಿನ ಮುಂದೆ ನಿಂತಾಗ ಅವನ ಹೆಸರು ಪಹಣಿಯಲ್ಲಿ ಒಂದು ಬಗೆ, ಬ್ಯಾಂಕಿನ ಗಣಕದಲ್ಲಿ ಇನ್ನೊಂದು ಬಗೆ ಆದರೆ ಹೊಲ ಅವನದೇ ಎಂದು ಹೇಳುವವರು ಯಾರು? ಸಮಾನ ಸಂಕೇತವೆಂಬುದು ಪಂಡಿತರ ವಿಲಾಸವಲ್ಲ, ಒಕ್ಕಲುಮಗನ ಹಕ್ಕುಪತ್ರ.

ಕಟ್ಟಕಡೆಗೆ ಈ ಒಡಂಬಡಿಕೆಯನ್ನು ಪೂರ್ಣಗೊಳಿಸಿದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಕೇರಿಯನ್ನು ಹಂಚಿದ ಆ ಏರ್ಪಾಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು. ‘ಕ’ ಎಂಬ ಅಕ್ಷರದ ಮನೆಯ ಸಂಖ್ಯೆ 3221. ಅದು ಹೆಗ್ಗಡದೇವನಕೋಟೆಯಲ್ಲಿಯೂ ಅಷ್ಟೇ, ಹೊನೊಲುಲುವಿನಲ್ಲಿಯೂ ಅಷ್ಟೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಮಾದರಿ ಸೇರಿಕೊಂಡಿತು. ಬಹುಕಾಲ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯೂ ರಾಜ್ಯ ಸರ್ಕಾರಕ್ಕೆ ಯೂನಿಕೋಡನ್ನೇ ಶಿಫಾರಸು ಮಾಡಿತು. ಆದರೂ ಹಳೆಯ ಸಂಕೇತದಲ್ಲಿ ಬರೆದಿಟ್ಟ ಕಡತಗಳು ಇನ್ನೂ ಎಷ್ಟೋ ಕಪಾಟುಗಳಲ್ಲಿವೆ. ಪರಿವರ್ತಕವಿಲ್ಲದೆ ತೆರೆದರೆ ಅವು ಈಗಲೂ ಒಗಟುಗಳೇ. ತಡವಾದ ಒಪ್ಪಂದಕ್ಕೆ ನಾವು ತೆತ್ತ ದಂಡವಿದು.

ಮೇಜಿನ ಮೇಲಿನ ಪೆಟ್ಟಿಗೆಗೆ ಮರಳೋಣ. ಡಾಕುಗಳ ಲೋಕವೂ ಈಗ ಇದೇ ಹಾದಿಯನ್ನು ತುಳಿಯುತ್ತಿದೆ. ಲಿನಕ್ಸ್ ಬಳಸುವವರಿಗಾಗಿ ರಿಚರ್ಡ್ ಹ್ಯೂಸ್ ಎಂಬವರು 2015ರಲ್ಲಿ ಒಂದು ಸಮಾನ ತಂತ್ರಾಂಶವನ್ನು ಆರಂಭಿಸಿದರು. ಯಂತ್ರಗಳ ಒಡಲೊಳಗಿನ ಆದೇಶಗಳನ್ನು, ತಯಾರಕ ಯಾರೇ ಆಗಲಿ, ಒಂದೇ ವಿಧಾನದಿಂದ ಹೊಸದು ಮಾಡುವುದು ಅದರ ಕೆಲಸ. ಡೆಲ್, ಲೆನೊವೊ ಮೊದಲಾದ ಪ್ರತಿಸ್ಪರ್ಧಿಗಳು ಇದರಲ್ಲಿ ಕೈಗೂಡಿಸಿ ತಮ್ಮ ಡಾಕುಗಳನ್ನೂ ಸೇರಿಸಿದ್ದಾರೆ. ಆದರೆ ತಮ್ಮದೇ ತಂತ್ರಾಂಶವಿಲ್ಲದೆ ಪರದೆಯನ್ನು ಬೆಳಗಿಸದ ಪೆಟ್ಟಿಗೆಗಳೂ ಪೇಟೆಯಲ್ಲಿ ಇಲ್ಲದಿಲ್ಲ.

ಸಮಾನತೆಯೆಂದರೆ ಎಲ್ಲರೂ ಒಂದೇ ಯಂತ್ರ ಮಾಡಬೇಕೆಂದಲ್ಲ. ನೇಗಿಲಿನ ಮರ ಯಾವುದಾದರೂ ಆಗಲಿ, ನೊಗ ಎರಡೆತ್ತಿನ ಹೆಗಲಿಗೂ ಒಗ್ಗಬೇಕು. ಅದಕ್ಕಾಗಿ ಪ್ರತಿಯೊಬ್ಬ ತಯಾರಕನೂ ತನ್ನ ಹಟದಲ್ಲಿ ಒಂದಿಷ್ಟನ್ನು ಬಿಟ್ಟುಕೊಡಬೇಕಾಗುತ್ತದೆ. ಅವನು ಬಿಡದೆ ಹೋದರೆ ಮೂಟೆ ಹೊರುವ ಕೂಲಿಯನ್ನು ತೆರುವವರು ನಾವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ಪಹಣಿಯನ್ನು ಬೆಳಕಿಗೆ ಹಿಡಿದು ನೋಡುವ ರೈತನಿಗೆ ಯೂನಿಕೋಡಿನ ಹೆಸರು ತಿಳಿಯಬೇಕಾಗಿಲ್ಲ. ಅವನ ಹೆಸರು ಯೂನಿಕೋಡಿಗೆ ತಿಳಿದಿದ್ದರೆ ಸಾಕು.