ಮಲಕ್ಕಾ–ಸಿಂಗಪುರ ಜಲಸಂಧಿಗಳ ನೌಕಾಸುರಕ್ಷತಾ ಸಹಕಾರ

ಮಲಕ್ಕಾ ಮತ್ತು ಸಿಂಗಪುರ ಜಲಸಂಧಿಗಳಲ್ಲಿ ಹಡಗುಗಳು ಡಿಕ್ಕಿಯಾಗದಂತೆ, ನೆಲ ಹತ್ತದಂತೆ ನೋಡಿಕೊಳ್ಳಲು ದಂಡೆಯ ಮೂರು ದೇಶಗಳಾದ ಇಂಡೋನೇಷ್ಯ, ಮಲೇಷ್ಯ, ಸಿಂಗಪುರಗಳೂ ಈ ದಾರಿಯನ್ನು ಬಳಸುವ ಇತರ ದೇಶಗಳೂ ಕೂಡಿ ರೂಪಿಸಿಕೊಂಡಿರುವ ಏರ್ಪಾಡು. 1971ರ ಜಂಟಿ ಹೇಳಿಕೆಯಿಂದ 2007ರ ಸಹಕಾರ ವ್ಯವಸ್ಥೆಯವರೆಗೆ ಇದು ಹಂತಹಂತವಾಗಿ ಬೆಳೆಯಿತು. ದಾರಿ ಕಾಯುವವರು ಕೆಲವರು, ಬಳಸುವವರು ಹಲವರು ಆಗಿರುವಾಗ ಖರ್ಚನ್ನು ಯಾರು ಹೊರಬೇಕು ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಕಂಡುಕೊಂಡ ಉತ್ತರದಿಂದಾಗಿ ಕಡಲ ಕಾನೂನಿನಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಭೂಲಕ್ಷಣ ಮತ್ತು ಅಪಾಯಗಳು

ಮಲಕ್ಕಾ ಜಲಸಂಧಿ ಮಲಯ ಪರ್ಯಾಯದ್ವೀಪಕ್ಕೂ ಸುಮಾತ್ರಾ ದ್ವೀಪಕ್ಕೂ ನಡುವೆ ಸುಮಾರು 800 ಕಿಮೀ ಉದ್ದಕ್ಕೆ ಚಾಚಿದೆ. ಅದರ ಆಗ್ನೇಯ ತುದಿಗೆ ಸಿಂಗಪುರ ಜಲಸಂಧಿ ಕೂಡಿಕೊಂಡು ಹಿಂದೂ ಮಹಾಸಾಗರವನ್ನು ದಕ್ಷಿಣ ಚೀನಾ ಸಮುದ್ರಕ್ಕೆ ಸೇರಿಸುತ್ತದೆ. ವಾಯುವ್ಯದಲ್ಲಿ ನೂರಾರು ಕಿಮೀ ಅಗಲವಿರುವ ಈ ಆಲಿಕೆ ಸಿಂಗಪುರದ ಬಳಿಯ ಫಿಲಿಪ್ಸ್ ಕಾಲುವೆಯಲ್ಲಿ ಸುಮಾರು 2.8 ಕಿಮೀಗೆ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ 80,000ಕ್ಕೂ ಹೆಚ್ಚು ಹಡಗುಗಳು ಇಲ್ಲಿ ಓಡಾಡುತ್ತಿವೆ. ಪರ್ಷಿಯನ್ ಕೊಲ್ಲಿಯಿಂದ ಚೀನಾ, ಜಪಾನ್, ಕೊರಿಯಾಗಳಿಗೆ ಹೋಗುವ ತೈಲಕ್ಕೆ ಇದೇ ಹತ್ತಿರದ ದಾರಿ.

ಇಕ್ಕಟ್ಟಿನ ಜೊತೆಗೆ ಆಳದ ಕೊರತೆಯೂ ಇದೆ. ಒನ್ ಫ್ಯಾದಮ್ ಬ್ಯಾಂಕ್ ಮುಂತಾದ ಮರಳ ದಿಬ್ಬಗಳ ಬಳಿ ತುಂಬಿದ ತೈಲದ ಹಡಗಿನ ತಳಕ್ಕೂ ಸಮುದ್ರದ ನೆಲಕ್ಕೂ ಕೆಲವೇ ಮೀಟರುಗಳ ಅಂತರ ಉಳಿಯುತ್ತದೆ. ಪ್ರವಾಹದ ಸೆಳೆತಕ್ಕೆ ನೆಲದ ಮರಳು ಅಲೆಯಲೆಯಾಗಿ ಸರಿಯುವುದರಿಂದ ಒಮ್ಮೆ ಅಳೆದ ಆಳವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಉದ್ದಕ್ಕೆ ಸಾಗುವ ದೊಡ್ಡ ಹಡಗುಗಳ ದಾರಿಗೆ ಅಡ್ಡಲಾಗಿ ಸಿಂಗಪುರ ಮತ್ತು ಬಾತಾಮ್ ನಡುವಣ ದೋಣಿಗಳೂ ಮೀನುಗಾರರೂ ಓಡಾಡುತ್ತಾರೆ.

ಪೂರ್ವ ನಿದರ್ಶನಗಳು

ಜಲಸಂಧಿಯ ಖರ್ಚನ್ನು ಹಂಚಿಕೊಂಡ ಉದಾಹರಣೆಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಸಿಗುತ್ತವೆ. ಬಾಲ್ಟಿಕ್ ಸಮುದ್ರದ ಬಾಗಿಲಿನಲ್ಲಿ ಡೆನ್ಮಾರ್ಕ್ ಶತಮಾನಗಳ ಕಾಲ ಹಡಗುಗಳಿಂದ ಸುಂಕ ವಸೂಲು ಮಾಡುತ್ತಿತ್ತು. 1857ರ ಕೋಪನ್‌ಹೇಗನ್ ಒಪ್ಪಂದ ಈ ಸುಂಕವನ್ನು ರದ್ದುಮಾಡಿತು. ಬಳಕೆದಾರ ದೇಶಗಳು ಪರಿಹಾರದ ಹಣ ಕೊಟ್ಟವು. ಡೆನ್ಮಾರ್ಕ್ ದೀಪಗಳನ್ನೂ ಗುರುತುಗಳನ್ನೂ ಕಾಪಾಡುವ ಹೊಣೆ ಹೊತ್ತಿತು. ಜಿಬ್ರಾಲ್ಟರ್ ಬಳಿಯ ಸ್ಪಾರ್ಟೆಲ್ ಭೂಶಿರದ ದೀಪಸ್ತಂಭದ ವೆಚ್ಚವನ್ನು ಬ್ರಿಟನ್, ಫ್ರಾನ್ಸ್, ಅಮೆರಿಕ ಮೊದಲಾದ ದೇಶಗಳು 1865ರ ಒಪ್ಪಂದದಂತೆ ಭರಿಸಿದವು. ನೆಲದ ಒಡೆತನ ಮೊರಾಕೊದ್ದಾಗಿಯೇ ಉಳಿಯಿತು. ಸಿಂಗಪುರ ಜಲಸಂಧಿಯ ಪೂರ್ವ ತುದಿಯಲ್ಲಿ 1851ರಲ್ಲಿ ಬೆಳಗಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ ಮೂಲಧನವಾದದ್ದು ಚೀನಾ ವ್ಯಾಪಾರದ ವರ್ತಕರು ಎತ್ತಿದ ಚಂದಾ. ಕೊರತೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ತುಂಬಿಕೊಟ್ಟಿತು.

ಮೂರು ದೇಶಗಳ ಒಮ್ಮತ

1960ರ ದಶಕದಲ್ಲಿ ತೈಲದ ಹಡಗುಗಳ ಗಾತ್ರ ಬೆಳೆದಂತೆ ಹಳೆಯ ನಕಾಶೆಗಳು ಸಾಲದಾದವು. ಜಪಾನ್ ಆ ದಶಕದ ಕೊನೆಯಲ್ಲಿ ಮಲಕ್ಕಾ ಜಲಸಂಧಿ ಮಂಡಳಿಯನ್ನು ಕಟ್ಟಿ, ಸಮುದ್ರತಳದ ಮೋಜಣಿಗೂ ದೀಪಗಳ ಸ್ಥಾಪನೆಗೂ ನೆರವಾಗತೊಡಗಿತು. 1971ರ ನವೆಂಬರ್ 16ರಂದು ದಂಡೆಯ ಮೂರು ದೇಶಗಳು ಜಂಟಿ ಹೇಳಿಕೆ ಹೊರಡಿಸಿ, ಇಲ್ಲಿನ ನೌಕಾಸುರಕ್ಷತೆಯ ಹೊಣೆ ತಮ್ಮದೇ ಎಂದು ಸಾರಿದವು. ಇವು ಅಂತರರಾಷ್ಟ್ರೀಯ ಜಲಸಂಧಿಗಳಲ್ಲ ಎಂಬುದು ಇಂಡೋನೇಷ್ಯ ಮತ್ತು ಮಲೇಷ್ಯಗಳ ನಿಲುವಾಗಿತ್ತು. ಬಂದರನ್ನೇ ನೆಚ್ಚಿಕೊಂಡ ಸಿಂಗಪುರ ಆ ನಿಲುವನ್ನು ಗಮನಿಸಿರುವುದಾಗಿ ಮಾತ್ರ ಹೇಳಿತು. ಒಡೆತನದ ತಕರಾರನ್ನು ಬದಿಗಿರಿಸಿ ತಾಂತ್ರಿಕ ಕೆಲಸದಲ್ಲಿ ಕೈಜೋಡಿಸುವ ರೂಢಿ ಅಲ್ಲಿಂದ ಮೊದಲಾಯಿತು.

1975ರ ಜನವರಿ 6ರಂದು ಜಪಾನಿನ ಶೋವಾ ಮಾರು ಎಂಬ ಭಾರೀ ತೈಲದ ಹಡಗು ಸಿಂಗಪುರದ ಬಳಿ ಬಫೆಲೊ ಬಂಡೆಯ ಹತ್ತಿರ ನೆಲ ಹತ್ತಿ ಸಾವಿರಾರು ಟನ್ ಕಚ್ಚಾತೈಲ ಸೋರಿತು. ಇದರಿಂದ ಮಾತುಕತೆಗೆ ವೇಗ ಬಂತು. ಅದೇ ವರ್ಷ ತ್ರಿಪಕ್ಷೀಯ ತಾಂತ್ರಿಕ ತಜ್ಞರ ತಂಡ ರೂಪುಗೊಂಡಿತು. 1977ರ ಫೆಬ್ರವರಿ 24ರಂದು ಮನಿಲಾದಲ್ಲಿ ಮೂರು ದೇಶಗಳು ಸುರಕ್ಷತಾ ಒಪ್ಪಂದಕ್ಕೆ ಸಹಿಹಾಕಿದವು. ಈಗ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ಎನಿಸಿಕೊಂಡಿರುವ ವಿಶ್ವಸಂಸ್ಥೆಯ ಅಂಗಸಂಸ್ಥೆ ಅದೇ ವರ್ಷ ನಿಯಮಗಳನ್ನು ಅಂಗೀಕರಿಸಿತು. 1981ರ ಮೇ 1ರಿಂದ ಅವು ಜಾರಿಗೆ ಬಂದವು.

ಸಂಚಾರ ನಿಯಮಗಳು

ಮುಖ್ಯ ನಿಯಮ ಸಂಚಾರ ವಿಭಜನೆಯದು. ಪೂರ್ವಕ್ಕೆ ಹೋಗುವ ಹಡಗುಗಳಿಗೂ ಪಶ್ಚಿಮಕ್ಕೆ ಹೋಗುವವಕ್ಕೂ ಬೇರೆ ಬೇರೆ ಪಥಗಳಿದ್ದು, ನಡುವೆ ಯಾರೂ ಸಾಗದ ಅಂತರ ಪಟ್ಟಿ ಇರುತ್ತದೆ. ಡೋವರ್ ಜಲಸಂಧಿಯಲ್ಲಿ 1967ರಿಂದ ಬಳಕೆಯಲ್ಲಿದ್ದ ಈ ಕ್ರಮವನ್ನು 1972ರ ಡಿಕ್ಕಿ ತಡೆ ನಿಯಮಾವಳಿಯ 10ನೆಯ ನಿಯಮ ಎಲ್ಲ ಸಮುದ್ರಗಳಿಗೂ ಅನ್ವಯಿಸಿತು. ಮಲಕ್ಕಾದಲ್ಲಿ ಮೊದಲು ಮೂರು ಇಕ್ಕಟ್ಟಿನ ಜಾಗಗಳಿಗಷ್ಟೇ ಇದ್ದ ಪಥಗಳು 1998ರಲ್ಲಿ ಒನ್ ಫ್ಯಾದಮ್ ಬ್ಯಾಂಕಿನಿಂದ ಹಾರ್ಸ್‌ಬರ್ಗ್ ದೀಪಸ್ತಂಭದವರೆಗೆ ವಿಸ್ತರಿಸಿದವು. ಆಳ ಮುಳುಗುವ ಹಡಗುಗಳು ತಳದ ಕೆಳಗೆ ಯಾವಾಗಲೂ ಕನಿಷ್ಠ 3.5 ಮೀಟರ್ ನೀರು ಉಳಿಸಿಕೊಳ್ಳಬೇಕು; ಗೊತ್ತುಮಾಡಿದ ಜಾಗಗಳಲ್ಲಿ ಅವು 12 ನಾಟ್ ವೇಗ ಮೀರಬಾರದೆಂಬ ಸೂಚನೆಯಿದೆ.

1997ರ ಅಕ್ಟೋಬರ್ 15ರಂದು ಸಿಂಗಪುರ ಜಲಸಂಧಿಯಲ್ಲಿ ಎವೊಯಿಕೋಸ್ ಮತ್ತು ಒರಾಪಿನ್ ಗ್ಲೋಬಲ್ ಎಂಬ ಹಡಗುಗಳು ಡಿಕ್ಕಿಯಾಗಿ ಸುಮಾರು 28,500 ಟನ್ ಇಂಧನ ತೈಲ ನೀರಿಗೆ ಸೇರಿತು. 1998ರ ಡಿಸೆಂಬರ್ 1ರಿಂದ ಸ್ಟ್ರೇಟ್‌ರೆಪ್ ಎಂಬ ಕಡ್ಡಾಯ ವರದಿ ಕ್ರಮ ಜಾರಿಗೆ ಬಂತು. ಇದರಂತೆ ಜಲಸಂಧಿಯನ್ನು ಒಂಬತ್ತು ವಲಯಗಳಾಗಿ ಹಂಚಲಾಗಿದೆ. 300 ಟನ್ನೇಜ್ ಅಥವಾ 50 ಮೀಟರ್ ಉದ್ದ ಮುಟ್ಟಿದ ಹಡಗುಗಳು ವಲಯ ಹೊಕ್ಕಾಗ ತಮ್ಮ ಹೆಸರು, ಸ್ಥಾನ ಮುಂತಾದವನ್ನು ರೇಡಿಯೊ ಮೂಲಕ ದಡದ ಸಂಚಾರ ಕೇಂದ್ರಕ್ಕೆ ತಿಳಿಸಬೇಕು. ರಾತ್ರಿ ಪಥವನ್ನು ಅಡ್ಡ ದಾಟುವ ಹಡಗುಗಳು ಒಂದರ ಮೇಲೊಂದರಂತೆ ಮೂರು ಹಸಿರು ದೀಪ ತೋರಿಸುವ ಪದ್ಧತಿ 2011ರಲ್ಲಿ ಸಿಂಗಪುರ ಜಲಸಂಧಿಯಲ್ಲಿ ಆರಂಭವಾಯಿತು.

ಕಾನೂನಿನ ನೆಲೆ

1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ 1994ರಲ್ಲಿ ಜಾರಿಗೆ ಬಂತು. ಅಂತರರಾಷ್ಟ್ರೀಯ ನೌಕಾಯಾನಕ್ಕೆ ಬಳಕೆಯಾಗುವ ಜಲಸಂಧಿಗಳಲ್ಲಿ ಎಲ್ಲ ದೇಶಗಳ ಹಡಗುಗಳಿಗೂ ತಡೆಯಿಲ್ಲದೆ ಹಾದುಹೋಗುವ ಹಕ್ಕನ್ನು ಅದು ಕೊಟ್ಟಿದೆ. ದಂಡೆಯ ದೇಶ ಈ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಮನುಷ್ಯರು ತೋಡಿದ ಸೂಯೆಜ್ ಕಾಲುವೆಯಲ್ಲಿ ಸುಂಕ ವಸೂಲು ಮಾಡಬಹುದು; ಇಂಥ ಜಲಸಂಧಿಯಲ್ಲಿ ಹಾದುಹೋದದ್ದಕ್ಕಾಗಿಯೇ ಹಣ ಕೇಳಲು ಅವಕಾಶವಿಲ್ಲ. ಆದರೆ ದೀಪ ಆರದಂತೆ ನೋಡಿಕೊಳ್ಳುವ, ಸೋರಿದ ತೈಲ ಬಳಿಯುವ ಕೆಲಸ ದಂಡೆಯವರಿಗೆ ತಪ್ಪದು. ಈ ಅಸಮತೋಲವನ್ನು ತಗ್ಗಿಸಲು 43ನೆಯ ವಿಧಿಯಿದೆ: ಸುರಕ್ಷತಾ ಸಾಧನಗಳ ಸ್ಥಾಪನೆ, ನಿರ್ವಹಣೆ ಹಾಗೂ ಮಾಲಿನ್ಯ ತಡೆಯಲ್ಲಿ ಬಳಕೆದಾರ ದೇಶಗಳೂ ದಂಡೆಯ ದೇಶಗಳೂ ಒಪ್ಪಿಕೊಂಡು ಸಹಕರಿಸಬೇಕೆಂದು ಅದು ಹೇಳುತ್ತದೆ. ಇಷ್ಟು ಕೊಡಬೇಕೆಂದು ಎಲ್ಲೂ ವಿಧಿಸುವುದಿಲ್ಲ.

ಸಹಕಾರ ವ್ಯವಸ್ಥೆ

ಬಹುಕಾಲ ಬಳಕೆದಾರರ ಪೈಕಿ ಹೆಚ್ಚಿನ ಹೊರೆ ಹೊತ್ತದ್ದು ಜಪಾನ್. 1981ರಲ್ಲಿ ಅದರ ಮಂಡಳಿ 40 ಕೋಟಿ ಯೆನ್ ಕೊಟ್ಟು ಆವರ್ತ ನಿಧಿಯೊಂದನ್ನು ಸ್ಥಾಪಿಸಿತು. ತೈಲ ಸೋರಿದಾಗ ದಂಡೆಯ ದೇಶ ಈ ನಿಧಿಯಿಂದ ಮುಂಗಡ ಪಡೆದು ಸ್ವಚ್ಛಗೊಳಿಸಿ, ತಪ್ಪಿತಸ್ಥ ಹಡಗಿನವರಿಂದ ಪರಿಹಾರ ಬಂದಮೇಲೆ ಹಿಂದಿರುಗಿಸಬೇಕು. ಉಳಿದ ದೇಶಗಳನ್ನೂ ಒಳಗೊಳ್ಳುವ ಪ್ರಯತ್ನ 2005ರ ಜಕಾರ್ತಾ, 2006ರ ಕ್ವಾಲಾಲಂಪುರ ಸಭೆಗಳಲ್ಲಿ ನಡೆದು, 2007ರ ಸಿಂಗಪುರ ಸಭೆಯಲ್ಲಿ ಸಹಕಾರ ವ್ಯವಸ್ಥೆಯಾಗಿ ರೂಪ ತಳೆಯಿತು. 43ನೆಯ ವಿಧಿ ಹೀಗೆ ವ್ಯವಸ್ಥಿತವಾಗಿ ಆಚರಣೆಗೆ ಬಂದದ್ದು ಇದೇ ಮೊದಲು.

ಇದಕ್ಕೆ ಮೂರು ಅಂಗಗಳಿವೆ. ಸಹಕಾರ ವೇದಿಕೆಯಲ್ಲಿ ದೇಶಗಳೂ ಹಡಗು ಉದ್ಯಮದ ಪ್ರತಿನಿಧಿಗಳೂ ಚರ್ಚಿಸುತ್ತಾರೆ. ಯೋಜನಾ ಸಮನ್ವಯ ಸಮಿತಿ ಕೈಗೆತ್ತಿಕೊಂಡ ಕೆಲಸಗಳನ್ನು ನೋಡಿಕೊಳ್ಳುತ್ತದೆ. ದೀಪಸ್ತಂಭ, ತೇಲುಗುರುತು ಮುಂತಾದವುಗಳ ದುರಸ್ತಿಗೂ ಬದಲಾವಣೆಗೂ ನೌಕಾಯಾನ ಸಾಧನಗಳ ನಿಧಿ ಹಣ ಒದಗಿಸುತ್ತದೆ. ದೇಣಿಗೆ ಸ್ವಇಚ್ಛೆಯದು. ದೇಶಗಳಲ್ಲದೆ ಜಪಾನಿನ ನಿಪ್ಪಾನ್ ಪ್ರತಿಷ್ಠಾನದಂಥ ಖಾಸಗಿ ಸಂಸ್ಥೆಗಳೂ ಹಣ ಕೊಟ್ಟಿವೆ.

ಭಾರತದ ಸಂಬಂಧ

ಜಲಸಂಧಿಯ ಪಶ್ಚಿಮ ಬಾಗಿಲಲ್ಲಿ ಭಾರತದ ನೆಲವಿದೆ. ಗ್ರೇಟ್ ನಿಕೋಬಾರಿನ ತುದಿಯಾದ ಇಂದಿರಾ ಪಾಯಿಂಟ್ ಮತ್ತು ಸುಮಾತ್ರಾ ನಡುವಣ ಕಡಲ ಹಾದಿಯಲ್ಲೇ ಮಲಕ್ಕಾದ ಹಡಗುಗಳು ಬಂದುಹೋಗುತ್ತವೆ. 2004ರ ಸುನಾಮಿ ಇಂದಿರಾ ಪಾಯಿಂಟಿನ ದೀಪಸ್ತಂಭವನ್ನೂ ಜಲಸಂಧಿಯ ಹಲವು ನೌಕಾಯಾನ ಸಾಧನಗಳನ್ನೂ ಹಾಳುಗೆಡವಿತು; ಜಲಸಂಧಿಯ ಸಾಧನಗಳನ್ನು ಮತ್ತೆ ನಿಲ್ಲಿಸುವುದು ಸಹಕಾರ ವ್ಯವಸ್ಥೆಯ ಯೋಜನೆಗಳಲ್ಲಿ ಒಂದಾಗಿತ್ತು. ಭಾರತವೂ ಸಾಧನಗಳ ನಿಧಿಗೆ ದೇಣಿಗೆ ಕೊಟ್ಟಿದೆ. ಏಷ್ಯದ ಕಡಲ್ಗಳ್ಳತನ ತಡೆಯಲು 2006ರಲ್ಲಿ ಜಾರಿಗೆ ಬಂದ ರಿಕ್ಯಾಪ್ ಒಪ್ಪಂದದಲ್ಲಿಯೂ ಅದು ಸದಸ್ಯ. ಈ ಒಪ್ಪಂದದ ಮಾಹಿತಿ ಕೇಂದ್ರ ಸಿಂಗಪುರದಲ್ಲಿದೆ. ಇಂಡೋನೇಷ್ಯ, ಮಲೇಷ್ಯಗಳು ಒಪ್ಪಂದದ ಸದಸ್ಯರಾಗಿಲ್ಲ.

ಸಾಧನೆ ಮತ್ತು ಮಿತಿ

ಪೆದ್ರಾ ಬ್ರಾಂಕಾ ಬಂಡೆಗಾಗಿ ಮಲೇಷ್ಯ, ಸಿಂಗಪುರಗಳ ನಡುವೆ ನಡೆದ ದೀರ್ಘ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2008ರಲ್ಲಿ ಅದನ್ನು ಸಿಂಗಪುರಕ್ಕೆ ಕೊಟ್ಟಿತು. ಹಾರ್ಸ್‌ಬರ್ಗ್ ದೀಪಸ್ತಂಭ ನಿಂತಿರುವುದು ಅದೇ ಬಂಡೆಯ ಮೇಲೆ. ವ್ಯಾಜ್ಯ ನಡೆಯುತ್ತಿದ್ದ ವರ್ಷಗಳಲ್ಲೇ ಎರಡೂ ದೇಶಗಳು ವರದಿ ಕ್ರಮವನ್ನೂ ಸಹಕಾರ ವ್ಯವಸ್ಥೆಯನ್ನೂ ಕೂಡಿ ಕಟ್ಟಿದವು. ಆದರೂ ದಡದಿಂದ ಮಾಡಬಹುದಾದದ್ದಕ್ಕೆ ಮಿತಿಯಿದೆ. 2017ರ ಆಗಸ್ಟ್ 21ರಂದು ಜಲಸಂಧಿಯ ಪೂರ್ವದ ಹಾದಿಯಲ್ಲಿ ಅಮೆರಿಕದ ಜಾನ್ ಎಸ್. ಮೆಕೇನ್ ಯುದ್ಧನೌಕೆ ಅಲ್ನಿಕ್ ಎಂಬ ತೈಲದ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಚುಕ್ಕಾಣಿಯ ಹಿಡಿತ ಯಾವ ಫಲಕದಲ್ಲಿದೆ ಎಂಬ ಗೊಂದಲ ಹಡಗಿನೊಳಗೇ ಹುಟ್ಟಿತ್ತು. ನಿಧಿಯೂ ಕೊಡುವವರ ಮನಸ್ಸನ್ನೇ ನಂಬಿದೆ. ಕೊಡದೆ ಹೋಗುವ ದೇಶದ ಹಡಗಿಗೂ ಅದೇ ದೀಪ ದಾರಿ ತೋರಿಸುತ್ತದೆ.