ಅಜ್ಜ ಹೇಳಿದ 'ರುಬ್ಬಿಯ'

ನವೆಂಬರ್ ಬಂತೆಂದರೆ ದುಬೈನಲ್ಲಿ ನನ್ನ ಕಾಲುಗಳಿಗೆ ಜೀವ ಬರುತ್ತದೆ. ಬೇಸಿಗೆಯಿಡೀ ಮನೆ, ಕಾರು, ಆಫೀಸು ಅಂತ ಒಂದು ಏಸಿಯಿಂದ ಇನ್ನೊಂದು ಏಸಿಗೆ ಓಡಿದ್ದೇ ಬಂತು. ಈಗ ಶನಿವಾರ ಸಂಜೆಯಾದರೆ ಬರ್ ದುಬೈನ ಬಟ್ಟೆ ಅಂಗಡಿಗಳ ಸಾಲು ದಾಟಿ ಕ್ರೀಕ್ ದಡಕ್ಕೆ ನಡೆದುಬಿಡುತ್ತೇನೆ. ಕಡಲು ಊರೊಳಗೆ ನುಗ್ಗಿದಂತಿರುವ ಈ ನೀರನ್ನು ದಾಟಲು ಅಬ್ರಾ ಅನ್ನೋ ಮರದ ದೋಣಿ. ನಡುವಿನ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಬಾಡಿಗೆ ಒಂದೇ ಒಂದು ದಿರ್ಹಮ್. ದುಬೈನಲ್ಲಿ ಇಷ್ಟು ಅಗ್ಗದ ಸುಖ ಬೇರೆ ಇಲ್ಲ ಬಿಡಿ :)

ಮೊನ್ನೆ ಆಚೆ ದಡದ ದೇರಾದಲ್ಲಿ, ಮಸಾಲೆ ಅಂಗಡಿಯೊಂದರ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಅರಬ್ ಅಜ್ಜನೊಬ್ಬ ಒಣಗಿದ ನಿಂಬೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದ. "ಅಶರ ರುಬ್ಬಿಯ" ಅಂದ. ಹತ್ತು ರೂಪಾಯಿ! ಅಂಗಡಿಯವನಿಗೆ ಆಶ್ಚರ್ಯವೇ ಆಗಲಿಲ್ಲ, ಹತ್ತು ದಿರ್ಹಮ್ ತಗೊಂಡು ಪೊಟ್ಟಣ ಕಟ್ಟಿಕೊಟ್ಟ. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯ್ತು.

ಮನೆಗೆ ಬಂದು ಓದುತ್ತಾ ಕೂತರೆ ರಾತ್ರಿ ಎರಡು ಗಂಟೆ.

ಅಜ್ಜ ಹೇಳಿದ್ದು ಅಪ್ಪಟ ನಮ್ಮ ರೂಪಾಯಿ. ಎಣ್ಣೆ ಸಿಗುವುದಕ್ಕೆ ಮುಂಚೆ ಇಲ್ಲಿಯವರ ಬದುಕು ನಡೆಯುತ್ತಿದ್ದದ್ದು ಮುತ್ತಿನಿಂದ. ಆ ಮುತ್ತಿಗೆ ದೊಡ್ಡ ಪೇಟೆ ಮುಂಬೈ. ಅಲ್ಲಿಂದ ಅಕ್ಕಿ, ಬಟ್ಟೆ ಬರುತ್ತಿತ್ತು, ಹಡಗು ಕಟ್ಟಲು ತೇಗ ಮಲಬಾರಿನಿಂದ. ಬ್ರಿಟಿಷರು ಕೊಲ್ಲಿಯ ಉಸ್ತುವಾರಿಯನ್ನೂ 1947ರವರೆಗೆ ಭಾರತ ಸರ್ಕಾರದ ಮೂಲಕವೇ ನೋಡಿಕೊಂಡರು. ದುಬೈನಲ್ಲಿ 1909ರಲ್ಲಿ ತೆರೆದದ್ದು ಭಾರತದ ಅಂಚೆ ಕಚೇರಿ. ಹೀಗಿರುವಾಗ ಜೇಬಿನಲ್ಲಿ ಬೇರೆ ಯಾವ ದುಡ್ಡು ಇದ್ದೀತು?

ಸ್ವಾತಂತ್ರ್ಯ ಬಂದ ಮೇಲೂ ರೂಪಾಯಿ ಇಲ್ಲೇ ಉಳಿಯಿತು. ಎಡವಟ್ಟಾದದ್ದು ಚಿನ್ನದಿಂದ. ಭಾರತದಲ್ಲಿ ಚಿನ್ನದ ಆಮದಿಗೆ ಕಟ್ಟುನಿಟ್ಟು, ಬೆಲೆಯೂ ಜಾಸ್ತಿ. ಕಳ್ಳಸಾಗಣೆದಾರರು ರೂಪಾಯಿ ನೋಟುಗಳನ್ನು ಇಲ್ಲಿಗೆ ತಂದು ಚಿನ್ನ ಕೊಂಡು ರಾತ್ರೋರಾತ್ರಿ ಹಡಗಿನಲ್ಲಿ ಸಾಗಿಸುತ್ತಿದ್ದರು. ಇಲ್ಲಿ ರಾಶಿಬಿದ್ದ ನೋಟುಗಳು ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ವಾಪಸ್ ಹೋದಾಗ ಅದು ಬದಲಿಗೆ ಪೌಂಡ್ ಕೊಡಬೇಕು. ಅಂದರೆ ಕಳ್ಳ ಚಿನ್ನಕ್ಕೆ ನಮ್ಮ ಸರ್ಕಾರವೇ ವಿದೇಶಿ ವಿನಿಮಯ ತೆತ್ತ ಹಾಗೆ. ನಮ್ಮ ಕೋಡ್‌ನಲ್ಲಿ ಇಂಥ ಬಗ್ ಇದ್ದಿದ್ದರೆ ಮ್ಯಾನೇಜರ್ ಬಿಡುತ್ತಿದ್ದನೇ! ಅದಕ್ಕೇ 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ಸಂಖ್ಯೆಯ ಮುಂದೆ 'ಝಡ್' ಅಕ್ಷರವಿರುವ ನೋಟು ಬಂತು. ಭಾರತದೊಳಗೆ ಅದು ಚಲಾವಣೆಯಾಗುವಂತಿಲ್ಲ.

ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. ದುಬೈ ರೂಪಾಯಿಯನ್ನೇ ನಂಬಿಕೊಂಡಿತ್ತು. 1966ರ ಜೂನ್ 6ರಂದು ಭಾರತ ಅಪಮೌಲ್ಯ ಮಾಡಿತು, ಡಾಲರಿಗೆ 4.76 ಇದ್ದದ್ದು 7.50 ಆಯ್ತು. ಸಾವಿರ ರೂಪಾಯಿ ಗಂಟು ಕಟ್ಟಿಟ್ಟವನ ಕೈಯಲ್ಲಿ ಉಳಿದದ್ದು ಹಳೇ ಲೆಕ್ಕದ ಸುಮಾರು 635. ಬರಗಾಲ, ಯುದ್ಧ, ಸಾಲ ಅಂತ ದೆಹಲಿಗೆ ಅದರದೇ ಕಾರಣಗಳಿದ್ದವು, ಸರಿ. ಆದರೆ ಆ ಯಾವ ಮಾತುಕತೆಯಲ್ಲೂ ದುಬೈನ ಮೀನುಗಾರ ಇರಲಿಲ್ಲವಲ್ಲ. ಆ ಅಜ್ಜ ಆಗ ಹುಡುಗನಿದ್ದಿರಬೇಕು.

ದುಬೈ, ಕತಾರ್ ಕೆಲ ತಿಂಗಳು ಸೌದಿ ರಿಯಾಲ್ ಬಳಸಿ, ಅದೇ ವರ್ಷ ಜಂಟಿಯಾಗಿ ತಮ್ಮದೇ ರಿಯಾಲ್ ತಂದವು. ಅದರ ಬೆಲೆ ಅಪಮೌಲ್ಯಕ್ಕೆ ಮೊದಲಿನ ಒಂದು ರೂಪಾಯಿಯಷ್ಟು. 1973ರಲ್ಲಿ ದಿರ್ಹಮ್ ಬಂದಾಗ ಆ ಒಂದು ರಿಯಾಲಿಗೆ ಒಂದು ದಿರ್ಹಮ್.

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನಾನು ದೋಣಿಯವನಿಗೆ ಕೊಡುವ ಈ ನಾಣ್ಯ ನಮ್ಮ ಹಳೇ ರೂಪಾಯಿಯ ನೇರ ವಾರಸುದಾರ! ಈಗ ಅದೇ ಒಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ. ಊರು ಬಿಟ್ಟು ಇಲ್ಲಿ ಬಂದು ಕೂತಿರೋದೇ ಆ ಒಂದಕ್ಕೂ ಇಪ್ಪತ್ತಕ್ಕೂ ನಡುವಿನ ಅಂತರಕ್ಕಾಗಿ ತಾನೇ. ರೂಪಾಯಿ ಬಿದ್ದ ದಿನ ನಾನೂ ರೂಮ್‌ಮೇಟೂ ಖುಷಿಯಿಂದ ಎಕ್ಸ್‌ಚೇಂಜ್ ಅಂಗಡಿಯ ಕ್ಯೂನಲ್ಲಿ ನಿಲ್ಲುತ್ತೇವೆ. ಹಿಂದೊಮ್ಮೆ ಇದೇ ಊರಿನವರು ರೂಪಾಯಿ ಬಿದ್ದ ಸುದ್ದಿ ಕೇಳಿ ತಲೆ ಮೇಲೆ ಕೈಹೊತ್ತು ಕೂತಿದ್ದಾರು.

ಭಾನುವಾರ ಅಪ್ಪನ ಫೋನ್ ಬಂತು. ಎಂದಿನಂತೆ ಮೊದಲ ಪ್ರಶ್ನೆ, "ರೇಟು ಎಷ್ಟಾಯ್ತೋ?"

"ಏರಿದೆ ಅಪ್ಪ" ಅಂದೆ. "ಒಳ್ಳೇದಾಯ್ತು, ಈ ಸಲ ಸಾಲದ ಕಂತಿಗೆ ಸ್ವಲ್ಪ ಜಾಸ್ತಿ ಕಟ್ಟೋಣ" ಅಂದರು.