ಆಟಗಾರರ ವಿನಿಮಯ

ಒಂದೇ ಲೀಗಿನ ಎರಡು ತಂಡಗಳು ಹರಾಜಿನ ಹೊರಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ, ಇಲ್ಲವೆ ಹಣಕ್ಕೆ ಬಿಟ್ಟುಕೊಡುವ ಪದ್ಧತಿ. ಆಡುಮಾತಿನಲ್ಲಿ ‘ಟ್ರೇಡ್’. ಒಂದು ವಿಭಾಗದಲ್ಲಿ ಮಿಕ್ಕಿದ್ದನ್ನು ಕೊಟ್ಟು ಇನ್ನೊಂದು ವಿಭಾಗದ ಕೊರತೆ ನೀಗಿಸಿಕೊಳ್ಳುವುದು ಇದರ ಮೂಲ ಉದ್ದೇಶ. ಅಮೆರಿಕದ ವೃತ್ತಿಪರ ಲೀಗ್‌ಗಳಲ್ಲಿ ಬೆಳೆದ ಈ ಪದ್ಧತಿ ಕರ್ನಾಟಕದವರಿಗೆ ಪರಿಚಯವಾದದ್ದು ಐಪಿಎಲ್ ಕ್ರಿಕೆಟ್‌ನ ಮೂಲಕ.

ಬ್ಯಾಸ್ಕೆಟ್‌ಬಾಲ್‌ನಲ್ಲಿ

ಅಂಕಣದಲ್ಲಿ ಐವರೇ ಆಡುವುದರಿಂದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನ ಬದಲಾವಣೆಯೂ ತಂಡದ ಸ್ವರೂಪವನ್ನೇ ಬದಲಿಸಬಲ್ಲದು. 1956ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಬಾಸ್ಟನ್ ಸೆಲ್ಟಿಕ್ಸ್ ಬಳಿ ಪಾಸ್ ಕೊಡಲು ಬಾಬ್ ಕೂಸಿ, ಬುಟ್ಟಿಗೆ ಎಸೆಯಲು ಬಿಲ್ ಶಾರ್ಮನ್ ಇದ್ದರು. ರೀಬೌಂಡ್ ಹಿಡಿದು ರಕ್ಷಣೆ ನಿಭಾಯಿಸುವ ಎತ್ತರದ ಆಟಗಾರ ಇರಲಿಲ್ಲ. ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಅವರನ್ನು ಸೇಂಟ್ ಲೂಯಿಸ್ ಹಾಕ್ಸ್‌ಗೆ ಬಿಟ್ಟುಕೊಟ್ಟು ಬಾಸ್ಟನ್ ಬಿಲ್ ರಸೆಲ್‌ರನ್ನು ಪಡೆಯಿತು. ರಸೆಲ್ ಆಡಿದ 13 ಋತುಗಳಲ್ಲಿ ತಂಡ 11 ಪ್ರಶಸ್ತಿ ಗೆದ್ದಿತು. ಹಾಕ್ಸ್‌ಗೂ ನಷ್ಟವಾಗಲಿಲ್ಲ, 1958ರ ಫೈನಲ್‌ನಲ್ಲಿ ಅದೇ ಬಾಸ್ಟನ್ನನ್ನು ಸೋಲಿಸಿ ಅದು ಚಾಂಪಿಯನ್ ಆಯಿತು. 1984–85ರಲ್ಲಿ ಎನ್‌ಬಿಎ ಪ್ರತಿ ತಂಡದ ಸಂಬಳದ ವೆಚ್ಚಕ್ಕೆ 36 ಲಕ್ಷ ಡಾಲರ್ ಮಿತಿ ಹಾಕಿದ ಮೇಲೆ ವಿನಿಮಯದಲ್ಲಿ ಕೌಶಲದ ಜೊತೆಗೆ ಸಂಬಳವೂ ತಾಳೆಯಾಗಬೇಕಾಯಿತು.

ಕರ್ನಾಟಕದ ಬ್ಯಾಸ್ಕೆಟ್‌ಬಾಲ್ ಬೇರೆ ನೆಲೆಯಲ್ಲಿ ಬೆಳೆಯಿತು. ವಿಜಯಾ ಬ್ಯಾಂಕ್, ರೈಲ್ವೆಯಂತಹ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು. ತಂಡ ಬದಲಿಸುವುದೆಂದರೆ ಕೆಲಸವನ್ನೇ ಬದಲಿಸಿದಂತೆ. ಎರಡು ತಂಡಗಳ ನಡುವಿನ ಚೌಕಾಸಿಗೆ ಅಲ್ಲಿ ಎಡೆ ಕಡಿಮೆ. ಮಾಲೀಕರು ತಂಡ ಕೊಂಡು ನಡೆಸುವ ಫ್ರಾಂಚೈಸಿ ಮಾದರಿ ಇಲ್ಲಿ ಬೇರೂರಿದ್ದು 2008ರಲ್ಲಿ, ಕ್ರಿಕೆಟ್‌ನಲ್ಲಿ.

ಮೊದಲ ವಿನಿಮಯ: 2009

ಐಪಿಎಲ್‌ನ ಮೊದಲ ಪಂದ್ಯದಲ್ಲೇ, 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಬೆಂಗಳೂರಿನ ತಂಡ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) 82 ರನ್‌ಗೆ ಆಲೌಟ್ ಆಯಿತು. ಎಂಟು ತಂಡಗಳಲ್ಲಿ ಏಳನೆಯದಾಗಿ ಋತು ಮುಗಿಸಿತು. ಬಿರುಸಾಗಿ ಆಡುವ ಬ್ಯಾಟರ್‌ಗಳ ಕೊರತೆ ಎದ್ದು ಕಾಣುತ್ತಿತ್ತು. 2009ರ ಆರಂಭದಲ್ಲಿ ತಂಡ ವೇಗಿ ಜಹೀರ್ ಖಾನ್‌ರನ್ನು ಮುಂಬೈ ಇಂಡಿಯನ್ಸ್‌ಗೆ ಕೊಟ್ಟು ಕೊಡಗು ಮೂಲದ ರಾಬಿನ್ ಉತ್ತಪ್ಪರನ್ನು ಕರೆತಂದಿತು. ಮೊದಲ ಹರಾಜಿನಲ್ಲಿ ಜಹೀರ್ ಬೆಲೆ 4.5 ಲಕ್ಷ ಡಾಲರ್, ಉತ್ತಪ್ಪ ಬೆಲೆ 8 ಲಕ್ಷ. ವೇಗದ ಬೌಲಿಂಗ್‌ಗೆ ಪ್ರವೀಣ್ ಕುಮಾರ್, ದಾವಣಗೆರೆಯ ವಿನಯ್ ಕುಮಾರ್ ತಂಡದಲ್ಲೇ ಇದ್ದುದರಿಂದ ಈ ಲೆಕ್ಕಾಚಾರಕ್ಕೆ ಆಧಾರವಿತ್ತು. ಆ ವರ್ಷ ಆರ್‌ಸಿಬಿ ಫೈನಲ್ ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್‌ಗಳಿಂದ ಸೋತಿತು. ಉತ್ತಪ್ಪ ಬ್ಯಾಟು ಮಾತಾಡಿದ್ದು 2010ರಲ್ಲಿ, 374 ರನ್‌ಗಳೊಂದಿಗೆ. 2011ರ ಹರಾಜಿನಲ್ಲಿ ಉತ್ತಪ್ಪ ಪುಣೆ ಪಾಲಾದರು, ಜಹೀರ್ ಬೆಂಗಳೂರಿಗೆ ಮರಳಿದರು.

ನಂತರದ ವಿನಿಮಯಗಳು

2016ರ ಋತುವಿಗೆ ಮುನ್ನ ಕೆ.ಎಲ್. ರಾಹುಲ್ ಸನ್‌ರೈಸರ್ಸ್ ಹೈದರಾಬಾದ್‌ನಿಂದ ಆರ್‌ಸಿಬಿಗೆ ಬಂದು ಆ ಋತುವಿನಲ್ಲಿ 397 ರನ್ ಗಳಿಸಿದರು. ಫೈನಲ್‌ನಲ್ಲಿ ಆರ್‌ಸಿಬಿ 8 ರನ್‌ಗಳಿಂದ ಸೋತದ್ದು ಅದೇ ಹೈದರಾಬಾದ್‌ಗೆ.

2018ರ ಕೊನೆಯಲ್ಲಿ ಎರಡು ವ್ಯವಹಾರಗಳಾದವು. ವಿಕೆಟ್ ಕೀಪರ್ ಕ್ವಿಂಟನ್ ಡಿ ಕಾಕ್‌ರನ್ನು ಖರೀದಿಯ ಬೆಲೆಗೇ, ಅಂದರೆ 2.8 ಕೋಟಿ ರೂಪಾಯಿಗೆ, ಮುಂಬೈಗೆ ಬಿಟ್ಟುಕೊಡಲಾಯಿತು. ಮಂದೀಪ್ ಸಿಂಗ್‌ರನ್ನು ಪಂಜಾಬ್‌ಗೆ ಕೊಟ್ಟು ಆಲ್‌ರೌಂಡರ್ ಮಾರ್ಕಸ್ ಸ್ಟೋಯಿನಿಸ್‌ರನ್ನು ಪಡೆಯಲಾಯಿತು. 2019ರಲ್ಲಿ ಡಿ ಕಾಕ್ 529 ರನ್ ಹೊಡೆದರು, ಮುಂಬೈ ಪ್ರಶಸ್ತಿ ಗೆದ್ದಿತು. ಆರ್‌ಸಿಬಿ ಪಟ್ಟಿಯ ತಳದಲ್ಲಿ ಉಳಿಯಿತು.

ಅತ್ಯಂತ ಫಲ ಕೊಟ್ಟದ್ದು 2021ರ ಜನವರಿಯ ವ್ಯವಹಾರ. ಹಿಂದೊಮ್ಮೆ ಆರ್‌ಸಿಬಿಯಲ್ಲೇ ಇದ್ದ ಹರ್ಷಲ್ ಪಟೇಲ್ ಡೆಲ್ಲಿ ಕ್ಯಾಪಿಟಲ್ಸ್‌ನಿಂದ ಮರಳಿದರು. ಕೊನೆಯ ಓವರುಗಳಲ್ಲಿ ರನ್ ಸೋರಿಕೆ ತಡೆಯುವ ಬೌಲರ್ ತಂಡಕ್ಕೆ ಬೇಕಾಗಿತ್ತು. ಆ ಋತುವಿನಲ್ಲಿ ಹರ್ಷಲ್ 32 ವಿಕೆಟ್ ಪಡೆದು, ಒಂದೇ ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದ ಡ್ವೇನ್ ಬ್ರಾವೊ ಅವರ 2013ರ ದಾಖಲೆಯನ್ನು ಸರಿಗಟ್ಟಿದರು.

2023ರ ನವೆಂಬರ್‌ನಲ್ಲಿ ಕ್ಯಾಮರಾನ್ ಗ್ರೀನ್ 17.5 ಕೋಟಿಗೆ ಮುಂಬೈನಿಂದ ಬಂದರು. ಹಾರ್ದಿಕ್ ಪಾಂಡ್ಯರನ್ನು ಗುಜರಾತ್ ಟೈಟನ್ಸ್‌ನಿಂದ ಕರೆಸಿಕೊಳ್ಳಲು ಮುಂಬೈಗೆ ಹಣದ ಅವಕಾಶ ಬೇಕಿತ್ತು. ಒಂದು ತಂಡದ ಹಣದ ಇಕ್ಕಟ್ಟು ಇನ್ನೊಂದರ ಮಧ್ಯಮ ಕ್ರಮಾಂಕ ತುಂಬಿತು. ಸ್ಪಿನ್ ವಿಭಾಗದಲ್ಲಿ ಶಹಬಾಜ್ ಅಹ್ಮದ್ ಹೈದರಾಬಾದ್‌ಗೆ ಹೋಗಿ ಮಯಾಂಕ್ ದಾಗರ್ ಬೆಂಗಳೂರಿಗೆ ಬಂದದ್ದೂ ಆಗಲೇ.

ನಿಯಮಗಳು

ಐಪಿಎಲ್‌ನಲ್ಲಿ ವಿನಿಮಯ ನಿಗದಿತ ಅವಧಿಯಲ್ಲಷ್ಟೇ ನಡೆಯುತ್ತದೆ. ಆಟಗಾರನ ಒಪ್ಪಿಗೆ, ಭಾರತೀಯ ಕ್ರಿಕೆಟ್ ಮಂಡಳಿಯ ಅನುಮೋದನೆ ಬೇಕು. ಗರಿಷ್ಠ 25 ಆಟಗಾರರಲ್ಲಿ ವಿದೇಶಿಯರು 8ಕ್ಕೆ ಮೀರುವಂತಿಲ್ಲ, ಆಡುವ ಹನ್ನೊಂದರಲ್ಲಿ ನಾಲ್ವರು ಮಾತ್ರ. ಹಾಗಾಗಿ ವಿದೇಶಿ ಆಟಗಾರನ ಬದಲಿಗೆ ಭಾರತೀಯನನ್ನು ಕೊಡುವಾಗ ಬೆಲೆಯ ಜೊತೆಗೆ ಖಾಲಿ ಜಾಗವನ್ನೂ ಲೆಕ್ಕ ಹಾಕಬೇಕು.

ಮಹತ್ವ

ಬೆಂಗಳೂರಿನ ಅನುಭವದಲ್ಲಿ ಫಲಿಸಿದ ವಿನಿಮಯಗಳು ನಿರ್ದಿಷ್ಟ ಕೊರತೆಯೊಂದನ್ನು ಗುರಿಯಾಗಿಸಿಕೊಂಡವು. ಹೆಸರಿನ ದೊಡ್ಡಸ್ತಿಕೆ ನಂತರದ್ದು. ಆದರೆ ಈ ಪದ್ಧತಿಗೆ ಮಿತಿಯೂ ಇದೆ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದಾಗ, ಆಡಿದ ಹನ್ನೊಂದು ಮಂದಿಯಲ್ಲಿ ವಿನಿಮಯದಿಂದ ಬಂದವರು ಒಬ್ಬರೂ ಇರಲಿಲ್ಲ. ವಿರಾಟ್ ಕೊಹ್ಲಿ, ರಜತ್ ಪಾಟಿದಾರ್, ಯಶ್ ದಯಾಳ್ ಹರಾಜಿಗೆ ಮುನ್ನವೇ ತಂಡ ಉಳಿಸಿಕೊಂಡವರು. ಮಯಾಂಕ್ ಅಗರ್ವಾಲ್ ಗಾಯಾಳು ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ಉಳಿದ ಏಳು ಮಂದಿಯನ್ನು 2024ರ ನವೆಂಬರ್ ಹರಾಜಿನಲ್ಲಿ ಕೊಳ್ಳಲಾಗಿತ್ತು.